ಖಾಲಿ ಇಟ್ಟ ಪಾರ್ಟು

ಮಾಸ್ತರರ ಮೀಸೆ ದಪ್ಪವಾಗಿತ್ತು. ಆ ಮೀಸೆಯ ಮೇಲೆ, ಎಡ ಹೊಳ್ಳೆಯಲ್ಲಿ, ಮೂಗುತಿಯ ತೂತಿತ್ತು. ಅದು ಮುಚ್ಚಿಹೋಗದಂತೆ ಬೇವಿನ ಕಡ್ಡಿಯ ಚೂರೊಂದನ್ನು ಅದರಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಹೊಸಬರು ಮೊದಲು ಮೀಸೆ ನೋಡುತ್ತಿದ್ದರು, ಆಮೇಲೆ ಕಡ್ಡಿ ನೋಡುತ್ತಿದ್ದರು, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು. ಹರೆಯದಲ್ಲಿ ಅವರು ಹೆಣ್ಣು ಪಾರ್ಟು ಮಾಡುತ್ತಿದ್ದವರು. ನಾಟಕ ಕಂಪನಿಗಳಿಗೆ ಹೆಂಗಸರೇ ಬರತೊಡಗಿದ ಮೇಲೆ ಸೀರೆ ಬಿಟ್ಟು ಹಾರ್ಮೋನಿಯಂ ಪೇಟಿಯ ಮುಂದೆ ಕುಳಿತರು, ಮೀಸೆ ಬೆಳೆಸಿದರು.

"ಮತ್ತ ಈ ಕಡ್ಡಿ ಯಾಕ್ರಿ ಮಾಸ್ತರ್ರ?" ಎಂದು ಒಮ್ಮೆ ಕೇಳಿದ್ದೆ.

"ಯಾವಾಗ ಯಾವ ಪಾರ್ಟು ಬರ್ತದೊ ಯಾರಿಗೆ ಗೊತ್ತು," ಎಂದರು. ನಗಲಿಲ್ಲ.

ಅವರು ಒಂದೆಡೆ ಕೂಡುವ ಮನುಷ್ಯರಲ್ಲ. ಮಾತಾಡುವಾಗ ಬೆರಳುಗಳು ಮೊಣಕಾಲ ಮೇಲೆ ಪೇಟಿ ನುಡಿಸುತ್ತಿದ್ದವು. ಚಹಾವನ್ನು ಬಶಿಗೆ ಸುರಿದುಕೊಂಡು ನಿಂತೇ ಕುಡಿಯುತ್ತಿದ್ದರು. ತಾಲೀಮು ಮುಗಿದೊಡನೆ ಪೇಟಿಗೆ ಬಟ್ಟೆ ಸುತ್ತಿ, ಹಗ್ಗ ಬಿಗಿದು, ಈಗಲೇ ಬಸ್ಸು ಹತ್ತುವವರ ಹಾಗೆ ಬಾಗಿಲ ಬಳಿ ಇಡುತ್ತಿದ್ದರು. ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮತ್ತೆ ಬಿಚ್ಚುತ್ತಿದ್ದರು. ಬರದ ಆ ವರ್ಷಗಳಲ್ಲಿ ಎಲ್ಲರೂ ಹೀಗೆಯೇ ಇದ್ದೆವು. ಯಾರ ಗಂಟೂ ಪೂರ್ತಿ ಬಿಚ್ಚಿರುತ್ತಿರಲಿಲ್ಲ.

ನಾನೂ ಅಣ್ಣನೂ ಔರಾದ ತಾಲೂಕಿನ ಗಡಿಯ ಹಳ್ಳಿಯವರು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಬಾಯಿಗೆ ಬಂದದ್ದು. ಅಣ್ಣನ ದನಿ ಒಳ್ಳೆಯದಿತ್ತು. ಸಂಗೀತ ನಾಟಕದ ಕಂಪನಿಯೊಂದು ಬೀದರದಲ್ಲಿ ಕ್ಯಾಂಪು ಹಾಕಿದಾಗ ಅವನು ಹೋಗಿ ಸೇರಿಕೊಂಡ. ಸ್ವಲ್ಪ ಕಾಲದಲ್ಲೇ ರಾಜಪಾರ್ಟಿಗೆ ಬಂದ. ಕಂಪನಿಯಲ್ಲಿ ಎರಡೇ ಜಾತಿ: ಮೇಲಿನ ಪಾರ್ಟಿನವರು, ಕೆಳಗಿನ ಪಾರ್ಟಿನವರು. ಮೇಲಿನವರು ಹಾಡುತ್ತಾರೆ, ಕೆಳಗಿನವರು ದೀಪ ಹಿಡಿಯುತ್ತಾರೆ, ಬಾಗಿಲು ಕಾಯುತ್ತಾರೆ. ಮಳೆ ಕೈಕೊಟ್ಟ ಮೇಲೆ ಅಣ್ಣ ನನ್ನನ್ನೂ ಕರೆಸಿಕೊಂಡ. ನಾನು ದಾಸಿ, ಸಖಿ, ಹಿಂದೆ ನಿಂತು ಸೊಲ್ಲು ಕೂಡಿಸುವವಳು. ರಾಜಪಾರ್ಟಿನವನ ತಂಗಿ ಎಂಬ ಕಾರಣಕ್ಕೆ ಕಂಪನಿಯ ಅಡುಗೆಯಲ್ಲಿ ನನಗೂ ಒಂದು ತಾಟು ಇತ್ತು. ಅವ್ವ ಊರಲ್ಲಿ ಬರಗಾಲದ ಕಾಮಗಾರಿಯಲ್ಲಿ ಜಲ್ಲಿಕಲ್ಲು ಒಡೆಯುತ್ತಿದ್ದಳು.

ಎರಡನೆಯ ಮಳೆಗಾಲವೂ ಹಾಗೆಯೇ ಹೋಯಿತು. ಕಂಪನಿಯಿಂದ ಊಟ ಸಿಗುತ್ತಿತ್ತು, ಬೇರೇನೂ ಸಿಗುತ್ತಿರಲಿಲ್ಲ. ಊಟವನ್ನು ಅವ್ವನಿಗೆ ಕಳಿಸಿಕೊಡಲಾಗುವುದಿಲ್ಲ. ನಮ್ಮ ಊರಿನ ಒಂದು ಗುಂಪು ಹೈದರಾಬಾದಿನ ಕಲ್ಲಿನ ಖಣಿಗೆ ಹೊರಟಾಗ ಅಣ್ಣನೂ ಹೊರಟ.

"ಹೊಸ ನಾಟಕ ಕೂಡಿಸೂದ್ರಾಗ ಬರ್ತೇನಿ. ನನ್ನ ಪಾರ್ಟು ನೋಡ್ಕೋ," ಎಂದ.

"ಪಾರ್ಟು ಏನ್ ಕುರಿಮರೀನ ನೋಡ್ಕೊಳ್ಳಾಕ?" ಎಂದೆ. ಅವನು ನಕ್ಕ. ಬೀದರ ಸ್ಟೇಷನ್ನಿನಲ್ಲಿ ರೈಲು ಹತ್ತುವವರು ಎಷ್ಟಿದ್ದರೆಂದರೆ, ಅವನು ಯಾವ ಡಬ್ಬಿ ಹತ್ತಿದನೆಂದೂ ನನಗೆ ಕಾಣಲಿಲ್ಲ.

ಕೆಲವು ವಾರಗಳಲ್ಲಿ ಕಂಪನಿಯ ಮಾಲಕರು ಎರಡು ಹೊಸ ಸಂಗೀತ ನಾಟಕಗಳನ್ನು ಕೂಡಿಸುವುದಾಗಿ ಹೇಳಿದರು. ಒಂದು ಅರಸನ ಕಥೆ, ಇನ್ನೊಂದು ಅತ್ತೆ ಸೊಸೆಯರದ್ದು. ಮೊದಲು ಭಾಲ್ಕಿ, ಆಮೇಲೆ ಔರಾದ. ಪಾರ್ಟು ಹಂಚುವುದು ಮಾಸ್ತರರ ಕೆಲಸ. ಅರ್ಧ ಮಂದಿ ಬಿಟ್ಟುಹೋಗಿದ್ದರು. ಆದರೆ ಕಂಪನಿಯಲ್ಲಿ ಎರಡು ಹೊತ್ತು ಒಲೆ ಉರಿಯುತ್ತದೆ ಎಂಬ ಸುದ್ದಿ ಹಳ್ಳಿಗಳಿಗೆ ಮುಟ್ಟಿತ್ತು. ಹಾಡು ಬಲ್ಲವರು, ಬಾರದವರು, ನಾಟಕವನ್ನೇ ಕಾಣದವರು, ಎಲ್ಲರೂ ಬಂದು ಥೇಟರಿನ ತಗಡಿನ ನೆರಳಿಗೆ ಕುಳಿತರು.

ಮಾಸ್ತರರು ಯಾರಿಗೂ ಹಾಡೆನ್ನುತ್ತಿರಲಿಲ್ಲ. ಒಬ್ಬ ತರುಣ ಬಂದವನೇ ಎದೆ ಬಡಿದುಕೊಂಡು ಕಂಠಪಾಠ ಮಾಡಿದ ಮಾತು ಗುಡುಗಿಸತೊಡಗಿದ. ಮಾಸ್ತರರು ಬಶಿಯನ್ನು ಕೆಳಗಿಟ್ಟರು.

"ಅದು ಇರ್ಲಿ ತಮ್ಮಾ. ಅಂಥವು ನಮ್ಮ ಕಡಿ ಮಸ್ತ್ ಅವ. ನೀ ಹೊಲದಾಗ ಅದೀದಿ. ನಿಮ್ಮವ್ವ ಬುತ್ತಿ ತಗೊಂಡು ಆ ಬದುವಿನ ಮ್ಯಾಲ ನಿಂತಾಳ. ಕರಿ."

ಎಲ್ಲರಿಗೂ ಅದೇ ಪರೀಕ್ಷೆ: ಅವ್ವನನ್ನು ಕರಿ. ದೂರದಲ್ಲಿದ್ದವರನ್ನು ಕರೆಯುವಾಗ ದನಿ ಸುಳ್ಳು ಹೇಳುವುದಿಲ್ಲ ಎಂದು ಅವರು ನಂಬಿದ್ದರು. ಕೆಲವರು ಕೂಗಿದರು, ಕೆಲವರು ನಾಚಿ ನಕ್ಕರು. ಒಬ್ಬ ದೊಡ್ಡ ಗಂಡಸು, "ಅವ್ವ ಹೈದರಾಬಾದಿಗಿ ಹೋಗ್ಯಾಳ್ರಿ," ಎಂದು ನಿಂತುಬಿಟ್ಟ.

"ಹಂಗಾರ ಜೋರ್‌ಲೆ ಕರೀಬೇಕಾಗ್ತದ," ಎಂದರು ಮಾಸ್ತರರು, ಒರಟಾಗಿ. ಅವನು ಕರೆಯಲಾರದೆ ಹೋಗಿ ಕುಳಿತ. ಅವನಿಗೆ ಅಡುಗೆಮನೆಯ ನೀರಿನ ಕೆಲಸ ಕೊಡಿಸಿದರು.

ಮನ್ನಳ್ಳಿಯ ಕುರಿಗಾರನೊಬ್ಬ ಎದ್ದು ನಿಂತ. "ನಮ್ಮವ್ವ ಸತ್ತಾಳ್ರಿ. ಕುರಿ ಕರೀಲೇನ್ರಿ?"

"ಕರಿ."

ಅವನು ಕರೆದ. ಆ ಕರೆ ಬಯಲು ದಾಟಿ, ಕೆಂಪು ದಿಬ್ಬ ದಾಟಿ ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಆಡು ನಿಂತು ತಿರುಗಿ ನೋಡಿತು. ಎಲ್ಲರೂ ನಕ್ಕರು. ಮಾಸ್ತರರು ಮಾತ್ರ ನಗಲಿಲ್ಲ. ಅರಸನ ಆಸ್ಥಾನದ ಹೊಗಳುಭಟನ ಪಾರ್ಟು ಅವನಿಗೆ ಹೋಯಿತು.

ಸಂಜೆ ಎಲ್ಲರನ್ನೂ ಕೂಡಿಸಿ ಪಾರ್ಟು ಹೇಳಿದರು. ಕಾಗದವಿರಲಿಲ್ಲ, ಪಾರ್ಟಿನ ಹೆಸರು ಹೇಳಿ ಬೆರಳು ತೋರಿಸುವುದಷ್ಟೆ. ಸೇನಾಪತಿ, ನೀ. ರಾಣಿ, ನೀ. ದಾಸಿ, ನೀ ತಂಗಿ. ಅರಸ ಎಂದಾಗ ಅವರ ಬೆರಳು ಯಾರ ಕಡೆಗೂ ಹೋಗಲಿಲ್ಲ. ಅಂಗೈಯನ್ನು ಮೇಲಕ್ಕೆ ತಿರುವಿ, "ಖಾಲಿ," ಎಂದರು.

ತಾಳ ಹಾಕುವುದನ್ನು ನೋಡಿದವರಿಗೆ ಆ ಕೈ ಗೊತ್ತು. ತಾಳದಲ್ಲಿ ಒಂದು ಜಾಗ ಪೆಟ್ಟಿಲ್ಲದ್ದು ಇರುತ್ತದೆ. ಅಲ್ಲಿ ಚಪ್ಪಾಳೆ ಹೊಡೆಯದೆ ಅಂಗೈ ತಿರುವುತ್ತಾರೆ. ಅದನ್ನು ಖಾಲಿ ಎನ್ನುತ್ತಾರೆ.

ಮಾಲಕರಿಗೆ ಸಿಟ್ಟು ಬಂತು. "ಖಾಲಿ ಅಂದ್ರೇನ್ರಿ ಮಾಸ್ತರ್ರ? ಅರಸನ ನಾಟಕದಾಗ ಅರಸs ಇಲ್ಲಂದ್ರ ಮಂದಿಗಿ ಏನ್ ತೋರ್ಸ್ತೀರಿ, ಪರದಾ?"

"ಬರ್ತಾನ್ರಿ."

"ಬರ್ಲಿಲ್ಲಂದ್ರ?"

"ಖಾಲಿ ಅಂದ್ರ ಇಲ್ಲ ಅಂತ ಅಲ್ರಿ ಮಾಲಕ್ರ. ಹೊಡಿಯಂಗಿಲ್ಲ, ಆದ್ರ ಎಣಿಸ್ತೇವಿ. ಎಣಿಸೂದು ಬಿಟ್ರ ತಾಳs ಕೆಡ್ತದ."

ನಾನು ಆ ರಾತ್ರಿ ಊಟ ಮಾಡಿದೆ. ಅದಕ್ಕೆ ಮೊದಲು ಕೆಲವು ದಿನ ಸರಿಯಾಗಿ ಮಾಡಿರಲಿಲ್ಲ. ಅಣ್ಣನ ಪಾರ್ಟು ಬೇರೆಯವರಿಗೆ ಹೋಗಿದ್ದರೆ ಅವನಿಗೆ ಮರಳಿ ಬರಲು ಏನೂ ಉಳಿಯುತ್ತಿರಲಿಲ್ಲ, ನನಗೆ ಇರಲು ಏನೂ ಉಳಿಯುತ್ತಿರಲಿಲ್ಲ.

ತಾಲೀಮು ನಡೆಯಿತು. ನಡುವೆ ಬರಿದಾದ ಕುರ್ಚಿ. ಅರಸ ಹಾಡಬೇಕಾದಲ್ಲಿ ಮಾಸ್ತರರು ಆ ಹಾಡಿನ ಧಾಟಿಯನ್ನು ಪೇಟಿಯಲ್ಲಿ ಪೂರ್ತಿ ನುಡಿಸುತ್ತಿದ್ದರು. ಅಷ್ಟು ಹೊತ್ತು ಉಳಿದವರು ಕೈಕಟ್ಟಿ ನಿಲ್ಲಬೇಕು. ಕುರಿಗಾರನಿಗೆ ತ್ರಾಸಾಯಿತು.

"ಮಹಾರಾಜರಿಗೆ ಜಯವಾಗಲಿ ಅಂತ ಕುರ್ಚಿಗಿ ಹ್ಯಾಂಗ್ ಹೇಳ್ಲಿರಿ?"

"ಕುರಿಗಿ ಹೇಳಿಲ್ಲೇನು?"

"ಕುರಿ ಹೊಳ್ಳಿ ನೋಡ್ತಾವ್ರೀ. ಕುರ್ಚಿ ನೋಡಂಗಿಲ್ಲಲ್ರಿ."

ಆ ದಿನಗಳಲ್ಲಿ ಔರಾದ ಕಡೆಯ ಲಾರಿ ಡ್ರೈವರನೊಬ್ಬ ಹೈದರಾಬಾದಿನಿಂದ ಕಲ್ಲು ತರುತ್ತಿದ್ದ. ಅಣ್ಣನ ಖಣಿ ಅವನಿಗೆ ಗೊತ್ತಿತ್ತು. ಮಾಸ್ತರರು ಅವನನ್ನು ಹುಡುಕಿಕೊಂಡು ಹೋಗಿ ಚಹಾ ಕುಡಿಸಿದರು. "ಅವಗ ಇಷ್ಟs ಹೇಳು. ನಿನ್ನ ಪಾರ್ಟು ಖಾಲಿ ಅದ, ಮಾಸ್ತರ್ರು ಹೇಳ್ಯಾರ." ಅವನ ಮನೆಮಾತು ಮರಾಠಿ. ತಪ್ಪಬಾರದೆಂದು ತನ್ನ ಮಾತಿನಲ್ಲಿ ಒಮ್ಮೆ ಹೇಳಿಕೊಂಡ: "ಪಾರ್ಟ್ ಖಾಲೀ ಆಹೇ. ಬರೋಬರ್." ಮಾಸ್ತರರು ಬರೋಬರ್ ಎಂದರು. ಲಾರಿ ಹೋಯಿತು.

ನಾವು ಬೀದರ ಬಿಟ್ಟು ಭಾಲ್ಕಿಗೆ ಬಂದೆವು. ಹೈದರಾಬಾದ ಕಡೆಯಿಂದ ಬರುವ ಪ್ರತಿಯೊಂದು ಬಸ್ಸಿನ ಧೂಳನ್ನೂ ನಾನು ನೋಡಿದೆ. ಅಣ್ಣ ಬರಲಿಲ್ಲ. ಆಟ ಹತ್ತಿರ ಬಂದಾಗ ಮಾಲಕರು ಕಡೆಯ ಮಾತು ಹೇಳಿದರು. ಸೊಲ್ಲಾಪುರ ಕಡೆಯ ಒಬ್ಬ ದೊಡ್ಡ ನಟನನ್ನು ಗುತ್ತಿಗೆಗೆ ಕರೆಸುತ್ತೇವೆ. ಅವನು ತನ್ನದೇ ಹಾಡುವ ಮಂದಿ, ತನ್ನದೇ ಪೇಟಿಯವನನ್ನು ತರುತ್ತಾನೆ. ಅಂದರೆ ನಾನು, ಕುರಿಗಾರ, ಮಾಸ್ತರರು, ಇನ್ನೂ ಅನೇಕರು ಹೊರಗೆ.

ಮರುದಿನ ಮಧ್ಯಾಹ್ನ ಮಾಸ್ತರರು ನನ್ನನ್ನು ಥೇಟರಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ಬಿರುಕುಬಿಟ್ಟ ಎರೆನೆಲ. ದೂರದಲ್ಲಿ ರಸ್ತೆ. ಕಂಪನಿಯವರು ತಗಡಿನ ನೆರಳಲ್ಲಿ ನಿಂತು ನೋಡುತ್ತಿದ್ದರು, ಮಾಲಕರೂ ಇದ್ದರು.

"ನಿಮ್ಮಣ್ಣ ಹೈದರಾಬಾದದಾಗ ಅದಾನ," ಎಂದರು ಮಾಸ್ತರರು. "ಕರಿ."

ನಾನು ಮೊದಲು ಸಣ್ಣಗೆ ಕರೆದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ಏನಾಯಿತೋ, ಅಣ್ಣನ ಮೇಲೆ ಸಿಟ್ಟು ಬಂತು. ಅವ್ವನ ಕೈಯ ಗುಳ್ಳೆಗಳು ನೆನಪಾದವು. ಹೊಟ್ಟೆಯಲ್ಲಿದ್ದುದೆಲ್ಲ ಸೇರಿ ಒಂದು ಕರೆಯಾಗಿ ಹೋಯಿತು. ಅದು ನನ್ನ ದನಿಯೆಂದು ನನಗೇ ಅನ್ನಿಸಲಿಲ್ಲ.  ನೀರು ಹೊರುತ್ತಿದ್ದ ಆ ದೊಡ್ಡ ಗಂಡಸು ಕೊಡವನ್ನು ಕೆಳಗಿಟ್ಟ.

ಮಾಸ್ತರರು ಮಾಲಕರ ಕಡೆ ತಿರುಗಿ, "ಕಿರೀಟ ತರ್ರಿ. ಸಣ್ಣದು ಮಾಡ್ಬೇಕು," ಎಂದರು.

ಹೆಣ್ಣಾಗಿ ಹರೆಯ ಕಳೆದ ಗಂಡಸು ನನಗೆ ಗಂಡಸಾಗುವುದನ್ನು ಕಲಿಸಿದರು. "ನಾ ಸೀರಿ ಉಟ್ಟಾಗ ಮೊದಲ ಕೈ ಕಲ್ತೆ. ನೀ ಕಾಲು ಕಲಿ. ಗಂಡಸು ನಿಂತಾಗ ಭೂಮಿ ತನ್ನದs ಅಂತ ನಿಲ್ತಾನ. ಖರೇ ಅದಲ್ಲ, ಆದ್ರೂ ಹಂಗs ನಿಲ್ತಾನ." ಕಾಡಿಗೆಯಲ್ಲಿ ಮೀಸೆ ತಾವೇ ಬರೆದರು. ಅಣ್ಣನ ಹಾಡುಗಳು ನನಗೆ ಹೊಸದಾಗಿ ಕಲಿಯಬೇಕಾದವಲ್ಲ; ಪೇಟಿಯಲ್ಲಿ ಅಷ್ಟು ದಿನ ಕೇಳಿದ್ದೆ.

ಭಾಲ್ಕಿಯ ಮೊದಲ ಆಟಕ್ಕೆ ಭಾತಂಬ್ರಾದಿಂದಲೂ ಜನ ನಡೆದು ಬಂದಿದ್ದರು. ನಾನು ರಂಗಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಒಬ್ಬ, "ಏ, ಅರಸ ಅಲ್ಲೋ, ಹೆಣ್ಣುಮಗಳು ಅದ!" ಎಂದ. ಅವನ ಪಕ್ಕದ ಮುದುಕಿ, "ಸುಮ್ನ ಕೂಡ್ರೊ ಮೂಳಾ, ಕೇಳಾಕ ಬಿಡು," ಎಂದಳು. ಮೊದಲ ಹಾಡು ಮುಗಿದಾಗ ಮತ್ತೊಮ್ಮೆ ಹಾಡಬೇಕೆಂದು ಕೂಗಿದರು. ಸೊಲ್ಲಾಪುರದ ನಟನ ಮಾತು ಮಾಲಕರು ಎತ್ತಲಿಲ್ಲ. ಆದರೆ ಔರಾದದಲ್ಲಿ ಆಟ ಸೋತು ಬಿದ್ದರೆ ಅವನನ್ನೇ ಕರೆಸುವುದು ಎಂದು ಮಾಸ್ತರರಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಔರಾದದಲ್ಲಿ ಮೊದಲ ಆಟದ ದಿನ, ಸಂಜೆಯ ಮುಂಚೆ, ಅಣ್ಣ ಬಂದ. ಜನವಾಡದ ಮೇಲಿಂದ ಬರುವ ಬಸ್ಸಿನಲ್ಲಿ ಬಂದು, ಊರಿಗೆ ಹೋಗದೆ, ನೇರ ಥೇಟರಿಗೆ ಬಂದಿದ್ದ. ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ ಬಿಳಿ ಧೂಳಿತ್ತು. ಅದು ತೊಳೆದರೆ ಹೋಗುವ ಧೂಳಿನ ಹಾಗೆ ಕಾಣಲಿಲ್ಲ. ನಾನು ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಮಣಿ ಹೊಲಿಯುತ್ತಿದ್ದೆ. ಮಾಸ್ತರರು ಪೇಟಿ ಬಿಚ್ಚುತ್ತಿದ್ದರು.

"ನನ್ನ ಪಾರ್ಟು ಕೆಳಗ ಇಳಿಸೀರಿ ಅಂತ ಕೇಳಿದ್ದೆ," ಎಂದ ಅಣ್ಣ, ನಿಂತಲ್ಲಿಂದಲೇ. "ಇಳಿಸಿಲ್ಲ, ಕೊಟ್ಟs ಬಿಟ್ಟೀರಿ."

"ಯಾರ್ ಹೇಳಿದ್ರೊ ಇಳಿಸೀವಿ ಅಂತ?"

"ನೀವs ಹೇಳಿ ಕಳಿಸೀರಲ್ರಿ. ಲಾರಿಯವ ಹೇಳ್ದ. ತುಝಾ ಪಾರ್ಟ್ ಖಾಲೀ ಆಹೇ. ರಾಜಪಾರ್ಟು ಮಾಡಿದವ ಬಂದು ದೀಪ ಹಿಡೀಲೇನು? ಅದಕ್ಕs ಬರ್ಲಿಲ್ಲ. ಈಗ ನಮ್ಮ ಕಡೀನs ಆಟ ಅಂತ ಕೇಳಿ, ತಡೀಲಾರದ ಬಂದೆ."

ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಮಾಸ್ತರರು ಇಟ್ಟುಕೊಂಡಿದ್ದೇನೆ ಎಂದು ಕಳಿಸಿದ ಮಾತು, ಇಳಿಸಿದ್ದೇನೆ ಎಂದು ಹೋಗಿ ಮುಟ್ಟಿತ್ತು. ಅದನ್ನು ಮೊದಲು ಅರ್ಥ ಮಾಡಿಕೊಂಡವಳು ನಾನೇ. ಬಾಯಿಬಿಟ್ಟು ಹೇಳಿದವಳೂ ನಾನೇ. ಹೇಳುತ್ತಿದ್ದ ಹಾಗೆ ಮಾಸ್ತರರ ಮುಖ ನೋಡಿದೆ. ಅವರ ಬೆರಳುಗಳು ನಿಂತಿದ್ದವು. ಅವು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಣ್ಣ ನಕ್ಕ. ಕೆಟ್ಟ ನಗೆಯಲ್ಲ, ಭಾರ ಇಳಿದವನ ನಗೆ. "ಹಂಗಾರ ನನಗs ಇಟ್ಟಿದ್ರೇನು? ಕೊಡ್ರಿ ಮತ್ತ. ಬಂದೀನಲ್ಲ."

ಮಾಸ್ತರರು ಪೇಟಿಯ ತಿದಿ ಒತ್ತಿ ಅವನ ಹಳೆಯ ಶ್ರುತಿ ಹಿಡಿದರು. ಅಣ್ಣ ಹಾಡಿದ. ದನಿ ಮೇಲೆ ಹೋಗುವಲ್ಲಿ ಒಡೆಯಿತು. ಮಾಸ್ತರರು ಶ್ರುತಿಯನ್ನು ಒಂದು ಮನೆ ಇಳಿಸಿದರು. ಅಲ್ಲಿಯೂ ಒಡೆಯಿತು. ಇನ್ನೊಂದು ಇಳಿಸಿದರು. ಅಣ್ಣ ಕೆಮ್ಮತೊಡಗಿದ, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಕೈಯಲ್ಲಿ ಹಿಡಿದ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, "ಬಿಸಿನೀರು ಕುಡದ್ರ ಸರಿ ಆಗ್ತದ್ರಿ. ಹಾದ್ಯಾಗ ಧೂಳು," ಎಂದ.

 ಬಾಗಿಲಲ್ಲಿ ಮಾಲಕರು ನಿಂತಿದ್ದರು. ಅಣ್ಣ ನನ್ನ ಕಡೆ ತಿರುಗಿದ.

"ತಂಗಿ," ಎಂದ, "ನೀನs ಹೇಳು..."

"ಏ!"

ಮಾಸ್ತರರು ಎದ್ದು ನಿಂತಿದ್ದರು. ಅಷ್ಟು ದೊಡ್ಡ ದನಿ ಅವರ ಒಳಗಿತ್ತೆಂದು ನಮಗೆ ಗೊತ್ತಿರಲಿಲ್ಲ.

"ಆಕಿನ್ನ ಕೇಳಬ್ಯಾಡ. ಪಾರ್ಟು ಕೊಡಾಂವ ನಾ. ನನ್ನ ಕೇಳು."

"ಆಯ್ತು, ನಿಮ್ಮನ್ನs ಕೇಳ್ತೇನಿ. ಕೊಡ್ತೀರೊ ಇಲ್ಲೊ?"

"ಕೊಡಂಗಿಲ್ಲ."

"ನಂದು ಪಾರ್ಟು! ನನ್ನ ಊರು ಇದು!"

"ಕೊಡಂಗಿಲ್ಲ. ಆಕಿ ಬೇಡಿಲ್ಲ, ನಾನಾಗಿ ಕೊಟ್ಟೀನಿ. ನಿನಗ ಮಂತ್ರಿ ಪಾರ್ಟು ಅದ. ಮಾತಿನ ಪಾರ್ಟು, ಹಾಡಿಲ್ಲ. ಮಾಡ್ತೀದಿ ಅಂದ್ರ ಇವತ್ತs ಹಚ್ಕೊ ಬಣ್ಣ."

ಅಣ್ಣನ ಮುಖ ಕಪ್ಪಾಯಿತು. ಬಾಯಿಗೆ ಬಂದದ್ದೆಲ್ಲ ಅಂದ. ಮೂಗು ಚುಚ್ಚಿಸಿಕೊಂಡ ಗಂಡಸಿಗೆ ಗಂಡಸಿನ ಮಾನ ಏನು ಗೊತ್ತು ಎಂದ. ಇನ್ನೂ ಕೆಲವು ಮಾತು ಅಂದ, ಅವನ್ನು ಬರೆಯಲಾರೆ.  ಅಣ್ಣ ಸುಸ್ತಾಗುವವರೆಗೆ ಮಾಸ್ತರರು ನಿಂತೇ ಕೇಳಿದರು. ನಾನು ಏಳಲು ಹೋದಾಗ ಬೆರಳು ತೋರಿಸಿ, "ಮಣಿ ಹೊಲಿ," ಎಂದರು. ಅಣ್ಣ ಆಟ ನೋಡಲಿಲ್ಲ. ಸಂಜೆಯ ಬಸ್ಸಿಗೆ ಹೋದ.

ನಾನು ಆ ದಿನ ಹ್ಯಾಗೆ ಹಾಡಿದೆನೋ ತಿಳಿಯದು. ಆಟ ಬೀಳಲಿಲ್ಲ. ಔರಾದದಿಂದ ಮುಂದೆ ಎಲ್ಲೆಲ್ಲಿಯೋ ಹೋಯಿತು. ಮುಂದಿನ ವರ್ಷ ಅವ್ವನನ್ನು ಕಲ್ಲಿನ ಕೆಲಸ ಬಿಡಿಸಿ ಜೊತೆಗೆ ಇಟ್ಟುಕೊಂಡೆ. ಕುರಿಗಾರ ಹೊಗಳುಭಟನಾಗಿಯೇ ಮುದುಕನಾದ. ಮಾಸ್ತರರು ಮಾತ್ರ ಆಮೇಲೆ ಪಾರ್ಟು ಹೇಳುವಾಗ ಖಾಲಿ ಎಂಬ ಮಾತನ್ನು ಬಳಸಲಿಲ್ಲ. ಯಾರಾದರೂ ಬಿಟ್ಟುಹೋಗಿದ್ದರೆ, "ಇಟ್ಟೀನಿ," ಎನ್ನುತ್ತಿದ್ದರು. ಹೇಳಿ ಕಳಿಸುವುದಿದ್ದರೆ ತಾವೇ ರೈಲು ಹತ್ತಿ ಹೋಗಿ ಹೇಳಿ ಬರುತ್ತಿದ್ದರು.

ಅಣ್ಣ ಹೈದರಾಬಾದದಲ್ಲೇ ನಿಂತ. ವರ್ಷಕ್ಕೊಮ್ಮೆ ಹಬ್ಬಕ್ಕೆ ನನ್ನ ಮನೆಗೆ ಬರುತ್ತಿದ್ದ. ಒಳ್ಳೆಯ ಊಟ ಮಾಡಿ, ಗೋಡೆಗೆ ಒರಗಿ, ಒಂದು ಗಂಟೆ ಮಾಸ್ತರರನ್ನು ಬೈಯುತ್ತಿದ್ದ. "ಆ ಮೀಸಿ ಮುದುಕ ನನ್ನ ಬಾಳೇವು ಹಾಳ್ ಮಾಡ್ದ," ಎನ್ನುತ್ತಿದ್ದ. ಬೈದು ಹಗುರಾಗಿ, ನನ್ನ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ, ಕೆಳಗಿನ ದನಿಯಲ್ಲಿ. ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ಒಂದು ಬಿರುನುಡಿ ಆಡಿದವನಲ್ಲ. ಬೈಗುಳ ಹೋಗಲು ಬೇರೆ ವಿಳಾಸವಿತ್ತು. ಮಾಸ್ತರರಿಗೆ ನಾನು ಇದನ್ನು ಹೇಳಿದಾಗ, "ಬೈಲಿ ಬಿಡು, ದನಿಗಿ ಚಲೋ," ಎಂದರು.

ಮಾಸ್ತರರು ಬೀದರದ ಹಳೆಯ ಓಣಿಯ ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ಅವರಿಗೆ ತಮ್ಮವರು ಎಂದು ಯಾರೂ ಇರಲಿಲ್ಲ. ಕಂಪನಿಯೂ ಎಂದೋ ಮುಚ್ಚಿತ್ತು. ನಾನು ಹೈದರಾಬಾದಿಗೆ ಸುದ್ದಿ ಮುಟ್ಟಿಸಿದೆ, ಅಣ್ಣ ಬರುತ್ತಾನೆಂದು ಅಲ್ಲ, ಹೇಳಬೇಕೆಂದು. ಹೆಣ ಎತ್ತುವ ಹೊತ್ತಿಗೆ ಅವನು ಓಣಿಯ ಬಾಯಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ. ನಾನೇ ಹತ್ತಿರ ಹೋದೆ.

ಅಣ್ಣ ಕೇಳಿದ: "ತಂಗಿ, ಅವತ್ತು ನಾ ನಿನ್ನ ಕೇಳಿದ್ರ ಕೊಡ್ತಿದ್ದೇನು?"

"ಕೊಡ್ತಿದ್ದೆ."

"ಕೊಟ್ಟಿದ್ರ ಅವತ್ತs ಆಟ ಬೀಳ್ತಿತ್ತು."

ನಾನು ಮಾಸ್ತರರ ಕೋಣೆಯ ಬಾಗಿಲ ಕಡೆ ನೋಡಿದೆ.

"ಮುದುಕಗ ಗೊತ್ತಿತ್ತು," ಎಂದ ಅಣ್ಣ. "ನೀ ಕೊಡ್ತೀದಿ ಅಂತ ಗೊತ್ತಿತ್ತು. ಅದಕ್ಕs ನನಗ ಕೇಳಗೊಡಲಿಲ್ಲ."

ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಹೆಗಲು ಕೊಡುವವರ ನಡುವೆ ಹೋಗಿ ನಿಂತ.